ನಾಗಣಸೂರಿನಿಂದ ಪುಣೆಯವರೆಗೆ: ಹಳೆಯ ಕಾರಿನ ಅವರೇಜು ಅಳೆಯುವ ದಾರಿ

ಸೋಲಾಪುರದಿಂದ ವಾಡಿಯ ಕಡೆಗೆ ಹೊರಟ ರೈಲು ಹೋಟಗಿ, ಅಕ್ಕಲಕೋಟ ರೋಡ್ ನಿಲ್ದಾಣಗಳನ್ನು ದಾಟಿದ ಮೇಲೆ ಸಿಗುವ ಸಣ್ಣ ನಿಲ್ದಾಣವೇ ನಾಗಣಸೂರ. ಹಳಿಯ ಎರಡೂ ಬದಿಗೆ ಎರೆಭೂಮಿ. ಮಳೆ ನಂಬಿದಲ್ಲಿ ಜೋಳ, ತೊಗರಿ. ಬಾವಿ ನಂಬಿದಲ್ಲಿ ಕಬ್ಬು. ಕಚೇರಿಯ ಕಾಗದ ಮರಾಠಿಯಲ್ಲಿ ಬರುತ್ತದೆ. ಮನೆಯ, ಮಠದ, ಶಾಲೆಯ ಮಾತು ಕನ್ನಡದಲ್ಲಿ ನಡೆಯುತ್ತದೆ. ಈ ಸೀಮೆಯ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳು ದೊಡ್ಡವರಾಗಿ ದುಡಿಮೆಗೆ ಹೊರಟಾಗ ಅನೇಕರು ಹಿಡಿಯುವ ದಾರಿ ಪಶ್ಚಿಮದ್ದು. ಅಕ್ಕಲಕೋಟ, ಸೋಲಾಪುರ, ಮೋಹೋಳ, ಇಂದಾಪುರ ದಾಟಿ ಪುಣೆಯನ್ನು ಮುಟ್ಟುವ ದಾರಿ ಅದು; ಸುಮಾರು ಮುನ್ನೂರು ಕಿಲೋಮೀಟರ್.

ಅದೇ ದಾರಿಯಲ್ಲಿ ಅವರು ಹಬ್ಬಕ್ಕೆ ಮರಳುತ್ತಾರೆ. ದೀಪಾವಳಿಯಲ್ಲಿ, ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ನಮ್ಮ ಹಳ್ಳಿಗಳ ಓಣಿಗಳನ್ನು ನೋಡಿದರೆ ಸೋಲಾಪುರದ ಎಂಎಚ್ 13ರ ನಡುವೆ ಪುಣೆಯ 12, ಪಿಂಪರಿ-ಚಿಂಚವಡದ 14 ಎಂಬ ಅಂಕಿಗಳೂ ಕಾಣಿಸುತ್ತವೆ. ಈಚಿನ ವರ್ಷಗಳಲ್ಲಿ ಆ ಗಾಡಿಗಳ ನಡುವೆ ತಗ್ಗಾದ, ಉದ್ದ ಮೂತಿಯ, ಅಗಲ ಟಾಯರಿನ ಸೆಡಾನ್‌ಗಳೂ ಸೇರಿಕೊಂಡಿವೆ. ಹೊಸದಾಗಿದ್ದಾಗ ಮೂವತ್ತು ಲಕ್ಷಕ್ಕೆ ಸಮೀಪವಿದ್ದ ಕಾರು ಏಳೆಂಟು ವರ್ಷ ಓಡಿದ ಮೇಲೆ ಹೊಸ ಸಣ್ಣ ಕಾರಿನ ಬೆಲೆಗೆ ಇಳಿದು ಬರುವುದುಂಟು. ಇಪ್ಪತ್ತೆಂಟರ ತರುಣನಿಗೆ ಅದರ ಆಸೆ ಹುಟ್ಟುವುದು ಸಹಜ. ಹೊಲದ ಸಾಲ ತೀರಿಸಿ, ತಂಗಿಯ ಕಾಲೇಜಿನ ಶುಲ್ಕ ಕಟ್ಟಬೇಕಾದ ತಂದೆ ಕೇಳುವ ಪ್ರಶ್ನೆಯೂ ಅಷ್ಟೇ ಸಹಜ: “ಅವರೇಜ್ ಎಷ್ಟು ಕೊಡ್ತದ?”

ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಸಿಗುವ ಉತ್ತರ ಬಹುಮಟ್ಟಿಗೆ ಬೇರೊಂದು ದಾರಿಯ ಉತ್ತರವಾಗಿರುತ್ತದೆ. ನಮ್ಮ ದಾರಿಗೆ ಸಲ್ಲುವ ಉತ್ತರವನ್ನು ನಾವೇ ಕಂಡುಕೊಳ್ಳಬೇಕು. ಅದನ್ನು ಕಂಡುಕೊಳ್ಳುವ ಬಗೆ ಹೇಗೆಂಬುದನ್ನು ಈ ದಾರಿಯಲ್ಲಿಯೇ ಸಾಗುತ್ತ ನೋಡೋಣ.

ಒಂದೇ ಗುಡ್ಡದ ಎರಡು ಬದಿ

ಮೊದಲು ದಾರಿಯ ಕೊನೆಯ ಊರಿಗೆ ಹೋಗಿ ಬರೋಣ; ಏಕೆಂದರೆ ಕಾರಿನ ಜಾಹೀರಾತಿನಲ್ಲಿ ಕಾಣುವ ಅವರೇಜಿನ ಅಂಕಿಗೆ ಹೆಸರು ಕೊಟ್ಟ ಸಂಸ್ಥೆ ಇರುವುದು ಅಲ್ಲಿ. ಪುಣೆಯ ವೇತಾಳ ಗುಡ್ಡದ ಮೇಲೆ ಭಾರತೀಯ ವಾಹನ ಸಂಶೋಧನಾ ಸಂಸ್ಥೆಯಿದೆ. ಜನರು ಅದನ್ನು ‘ಎಆರ್‌ಎಐ’ ಎಂದೇ ಕರೆಯುತ್ತಾರೆ. ಗುಡ್ಡಕ್ಕೂ ಅದೇ ಹೆಸರು ಅಂಟಿಕೊಂಡಿದೆ. ಅದು ಸ್ಥಾಪನೆಯಾದದ್ದು 1966ರಲ್ಲಿ. ಅದೇ ಗುಡ್ಡದ ಇನ್ನೊಂದು ಬದಿಯ ಬುಡದಲ್ಲಿ, ಸೇನಾಪತಿ ಬಾಪಟ ಮಾರ್ಗದಲ್ಲಿ, 1967ರಲ್ಲಿ ಸ್ಥಾಪನೆಯಾದ ‘ಬಾಲಭಾರತಿ’ಯಿದೆ. ನಮ್ಮ ಮಕ್ಕಳ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಹೊರತರುವ ಸಂಸ್ಥೆ ಅದೇ. ಕಾರಿನ ಅಂಕಿ ಗುಡ್ಡದ ಒಂದು ಬದಿಯಿಂದ ಬಂದರೆ, ಆ ಅಂಕಿಯನ್ನು ಪರೀಕ್ಷಿಸಲು ಬೇಕಾದ ಗಣಿತ ಇನ್ನೊಂದು ಬದಿಯಿಂದ ಬಂದಿದೆ ಎನ್ನಬಹುದು.

ಆ ಅಂಕಿಯನ್ನು ರಸ್ತೆಯ ಮೇಲೆ ಅಳೆಯುವುದಿಲ್ಲ. ಕಾರಿನ ಗಾಲಿಗಳನ್ನು ತಿರುಗುವ ಉರುಳೆಗಳ ಮೇಲೆ ನಿಲ್ಲಿಸಿ, ಮೊದಲೇ ಗೊತ್ತುಪಡಿಸಿದ ಕ್ರಮದಲ್ಲಿ ಓಡಿಸುತ್ತಾರೆ. ಸುಮಾರು ಇಪ್ಪತ್ತು ನಿಮಿಷದ ಓಟ; ಹತ್ತು-ಹನ್ನೊಂದು ಕಿಲೋಮೀಟರ್ ದೂರ; ಸರಾಸರಿ ವೇಗ ಗಂಟೆಗೆ ಮೂವತ್ತು ಕಿಲೋಮೀಟರಿನ ಆಸುಪಾಸು; ಗರಿಷ್ಠ ವೇಗ 90. ಎ.ಸಿ. ಹಾಕುವುದಿಲ್ಲ. ಕೋಣೆಯ ಉಷ್ಣತೆ ಹಿತಮಿತವಾಗಿರುತ್ತದೆ. ಎಲ್ಲ ಕಾರುಗಳಿಗೂ ಒಂದೇ ಅಳತೆಗೋಲು ಇರಲೆಂದು ಮಾಡಿದ ಪರೀಕ್ಷೆ ಇದು. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಇದು ಉಪಯುಕ್ತ. ಆದರೆ ಮೇ ತಿಂಗಳ ನಡುಮಧ್ಯಾಹ್ನ, ನಾಲ್ವತ್ತೆರಡು ಡಿಗ್ರಿ ಬಿಸಿಲಿನಲ್ಲಿ, ಐದು ಜನರನ್ನು ಕೂಡಿಸಿಕೊಂಡು, ಎ.ಸಿ. ಹಾಕಿಕೊಂಡು ಸೋಲಾಪುರದಿಂದ ಹೊರಡುವ ಗಾಡಿ ಎಷ್ಟು ಕುಡಿಯುತ್ತದೆ ಎಂಬುದನ್ನು ಅದು ಹೇಳಲಾರದು.

ಕೆಲವು ಅಂಕಿಗಳನ್ನು ನೋಡೋಣ. 2017ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನಿನದು, 230 ಅಶ್ವಶಕ್ತಿಯದು. ಅದರ ಪರೀಕ್ಷಾ ಅಂಕಿ ಲೀಟರಿಗೆ 14.45 ಕಿ.ಮೀ. 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಕಾರುಗಳ ಒಂದೂವರೆ ಲೀಟರಿನ ಟರ್ಬೊ ಎಂಜಿನ್ 150 ಅಶ್ವಶಕ್ತಿಯದು. ಅದರ ಅಂಕಿ ಗಿಯರ್‌ಬಾಕ್ಸಿಗೆ ತಕ್ಕಂತೆ ಹದಿನೆಂಟೂವರೆಯ ಆಸುಪಾಸು. ಇವೆರಡೂ ಪುಣೆಯ ಸಮೀಪದ ಚಾಕಣದಲ್ಲಿ ತಯಾರಾಗುವ ಕಾರುಗಳು. 2023ರ ಹ್ಯುಂಡೈ ವೆರ್ನಾ ಟರ್ಬೊ 160 ಅಶ್ವಶಕ್ತಿಯದು. ಅಂಕಿ 20ರಿಂದ 20.6. ಇನ್ನು 2014ರ ಹೋಂಡಾ ಸಿಟಿ ಡೀಸೆಲ್ ಓಟದ ಕಾರಲ್ಲದಿದ್ದರೂ ಹೋಲಿಕೆಗೆ ಬೇಕು. ಅದರ ಅಂಕಿ 26. ಈ ಅಂಕಿಗಳನ್ನು ಕೈಯಲ್ಲಿ ಹಿಡಿದು ನಮ್ಮ ಊರಿಗೆ ಮರಳಿ, ಅಲ್ಲಿಂದ ದಾರಿ ಹಿಡಿಯೋಣ.

ದಾರಿಯ ತುಂಡುಗಳು

ನಾಗಣಸೂರಿನಿಂದ ಅಕ್ಕಲಕೋಟದವರೆಗಿನದು ಹಳ್ಳಿಯ ರಸ್ತೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸಾಲುಗಟ್ಟಿ ಸಾಗಬೇಕು. ಎರಡನೆಯ, ಮೂರನೆಯ ಗಿಯರಿನಲ್ಲಿಯೇ ಬಹುಪಾಲು ದಾರಿ ಮುಗಿಯುತ್ತದೆ. ಬ್ರೇಕ್ ಒತ್ತಿದಾಗಲೆಲ್ಲ ಅದಾಗಲೇ ಸುಟ್ಟ ಪೆಟ್ರೋಲಿನಿಂದ ಬಂದ ವೇಗವನ್ನು ನಾವು ಬಿಸಿಯನ್ನಾಗಿ ಮಾಡಿ ಗಾಳಿಗೆ ಬಿಡುತ್ತೇವೆ. ಮತ್ತೆ ವೇಗ ಪಡೆಯಲು ಮತ್ತೆ ಪೆಟ್ರೋಲ್ ಬೇಕು. ಗಾಡಿ ಭಾರವಾದಷ್ಟೂ ಈ ನಷ್ಟ ಹೆಚ್ಚು. ಇಂಥ ರಸ್ತೆಯಲ್ಲಿ 230 ಅಶ್ವಶಕ್ತಿಗೆ ಕೆಲಸವಿಲ್ಲ. ತಗ್ಗಾದ ಹೊಟ್ಟೆಗೆ ಮಾತ್ರ ಪ್ರತಿ ರೋಡ್ ಬ್ರೇಕರಿನಲ್ಲಿ ಪೆಟ್ಟು.

ಅಕ್ಕಲಕೋಟ ಸ್ವಾಮಿ ಸಮರ್ಥರ ಊರು. ಗುರುವಾರ, ಹುಣ್ಣಿಮೆ, ರಜಾದಿನಗಳಲ್ಲಿ ವಟವೃಕ್ಷ ಮಂದಿರದ ಸುತ್ತಲಿನ ಬೀದಿಗಳಲ್ಲಿ ಗಾಡಿ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ನಿಂತ ಗಾಡಿಯ ಅವರೇಜು ಸೊನ್ನೆ. ಎಂಜಿನ್ ದೊಡ್ಡದಾದಷ್ಟೂ ನಿಂತಲ್ಲಿ ಕುಡಿಯುವ ಪ್ರಮಾಣವೂ ದೊಡ್ಡದು.

ಅಕ್ಕಲಕೋಟದಿಂದ ವಳಸಂಗ, ಕುಂಭಾರಿ ಮಾರ್ಗವಾಗಿ ಸೋಲಾಪುರಕ್ಕೆ ನಾಲ್ವತ್ತು ಕಿಲೋಮೀಟರಿನ ಹತ್ತಿರ. ಇಲ್ಲಿ ರಸ್ತೆ ಅಗಲ, ನೆಲ ಸಮತಟ್ಟು. ಗಂಟೆಗೆ ಎಪ್ಪತ್ತರಿಂದ ಎಂಬತ್ತರ ವೇಗದಲ್ಲಿ, ಮೇಲಿನ ಗಿಯರಿನಲ್ಲಿ, ಕಾಲನ್ನು ಹಗುರಾಗಿ ಇಟ್ಟು ನಡೆಸಿದರೆ ಟರ್ಬೊ ಕಾರು ತನ್ನ ಅತ್ಯುತ್ತಮ ಗುಣ ತೋರಿಸುವುದು ಇಂಥಲ್ಲಿಯೇ. ಟರ್ಬೊ ಎಂದರೆ ಹೊಗೆಯ ಬಲದಿಂದ ತಿರುಗುವ ಪಂಖ. ಅದು ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಸುಡುತ್ತದೆ, ಬಲ ಹೆಚ್ಚುತ್ತದೆ. ಕಾಲು ಹಗುರವಾಗಿದ್ದಾಗ ಅದು ಸಣ್ಣ ಎಂಜಿನ್ನಿನಂತೆ ಮಿತವಾಗಿ ಕುಡಿಯುತ್ತದೆ. ಕಾಲು ಭಾರವಾದಾಗ ದೊಡ್ಡ ಎಂಜಿನ್ನಿನಂತೆ ಕುಡಿಯುತ್ತದೆ. ಮೇಲೆ ಹೇಳಿದ ಒಂದೂವರೆ ಲೀಟರಿನ ಎಂಜಿನ್ನಿನಲ್ಲಂತೂ ಭಾರ ಕಡಿಮೆಯಿದ್ದಾಗ ನಾಲ್ಕು ಸಿಲಿಂಡರುಗಳಲ್ಲಿ ಎರಡು ತಾವಾಗಿಯೇ ಕೆಲಸ ನಿಲ್ಲಿಸುವ ಏರ್ಪಾಡಿದೆ. ಆದಕಾರಣ ಒಂದೇ ಕಾರು ಅಣ್ಣನ ಕೈಯಲ್ಲಿ ಹದಿನೇಳು, ತಮ್ಮನ ಕೈಯಲ್ಲಿ ಹನ್ನೊಂದು ಕೊಟ್ಟರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ಸೋಲಾಪುರದಿಂದ ಪುಣೆಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿ ಸುಮಾರು 250 ಕಿಲೋಮೀಟರ್. ಮೋಹೋಳ, ಟೆಂಭುರ್ಣಿ, ಇಂದಾಪುರ. ಆಮೇಲೆ ಉಜನಿ ಹಿನ್ನೀರಿನ ದಡದ ಭಿಗವಣ, ಅಲ್ಲಿ ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುತ್ತವೆ. ಅಲ್ಲಿಂದ ಪಾಟಸ, ಯವತ. ಘಟ್ಟವಿಲ್ಲದ ದಾರಿ. ಸೋಲಾಪುರಕ್ಕಿಂತ ಪುಣೆ ಸುಮಾರು ನೂರು ಮೀಟರಿನಷ್ಟು ಮಾತ್ರ ಎತ್ತರದಲ್ಲಿದೆ. ಇಲ್ಲಿ ಇಂಧನವನ್ನು ನುಂಗುವುದು ಏರು ಅಲ್ಲ, ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ 90ರಿಂದ 110ಕ್ಕೆ ಏರಿದರೆ ತಡೆ ಒಂದೂವರೆ ಪಟ್ಟು. 200 ಕಿಲೋಮೀಟರನ್ನು 90ರಲ್ಲಿ ಓಡಿಸಿದರೆ 2 ಗಂಟೆ 13 ನಿಮಿಷ. 110ರಲ್ಲಿ ಓಡಿಸಿದರೆ 1 ಗಂಟೆ 49 ನಿಮಿಷ. ಉಳಿಯುವುದು 24 ನಿಮಿಷ. ಊಟಕ್ಕೆ ನಿಂತಾಗ ಅದು ಕಳೆದುಹೋಗುತ್ತದೆ. ಚತುಷ್ಪಥ ಹೆದ್ದಾರಿಗಳಲ್ಲಿ ಕಾರಿಗೆ ಕೇಂದ್ರ ಸರಕಾರ 2018ರಲ್ಲಿ ಗೊತ್ತುಪಡಿಸಿದ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ. ಎಂಬುದನ್ನೂ, ಈ ಹೆದ್ದಾರಿಗೆ ಅಡ್ಡವಾಗಿ ಹಳ್ಳಿಯ ದನ, ಸೈಕಲ್ಲು, ಎದುರುಬದಿಯ ಬೈಕುಗಳು ಬರುತ್ತಿರುತ್ತವೆ ಎಂಬುದನ್ನೂ ಓಡಿಸುವವರು ಮರೆಯಬಾರದು.

ಕೊನೆಯದು ಹಡಪಸರದ ಸಾಲು. ಅಲ್ಲಿ ಮತ್ತೆ ಅಕ್ಕಲಕೋಟದ ಗುರುವಾರವೇ, ಆದರೆ ಪ್ರತಿದಿನ.

ಶಾಲೆಯ ಗಣಿತದಿಂದ ಒಂದು ಲೆಕ್ಕ

ಈಗ ಮಕ್ಕಳು ಕಾಗದ-ಪೆನ್ಸಿಲು ತರಲಿ. ಇದು ಭಾಗಾಕಾರದ ಲೆಕ್ಕ. ಒಂದು ಕಾರು ಲೀಟರಿಗೆ 10 ಕೊಡುತ್ತದೆ, ಇನ್ನೊಂದು 12. ಮತ್ತೊಂದು ಜೋಡಿಯಲ್ಲಿ ಒಂದು 18, ಇನ್ನೊಂದು 22. ಯಾವ ಜೋಡಿಯಲ್ಲಿ ಉಳಿತಾಯ ಹೆಚ್ಚು? ಎರಡಕ್ಕಿಂತ ನಾಲ್ಕು ದೊಡ್ಡದಲ್ಲವೇ, ಎರಡನೆಯ ಜೋಡಿಯಲ್ಲಿ ಎಂದು ಬಹಳ ಮಂದಿ ಹೇಳುತ್ತಾರೆ. ಸಾವಿರ ಕಿಲೋಮೀಟರಿಗೆ ಲೆಕ್ಕ ಹಾಕಿ ನೋಡಿರಿ. ಮೊದಲ ಜೋಡಿಯಲ್ಲಿ 100 ಲೀಟರ್ ಮತ್ತು 83.3 ಲೀಟರ್; ಉಳಿತಾಯ 16.7 ಲೀಟರ್. ಎರಡನೆಯದರಲ್ಲಿ 55.6 ಮತ್ತು 45.5, ಉಳಿತಾಯ 10.1 ಲೀಟರ್. ಕಡಿಮೆ ಅವರೇಜಿನ ಗಾಡಿಗಳ ನಡುವಿನ ಸಣ್ಣ ಅಂತರವೇ ಜೇಬಿಗೆ ದೊಡ್ಡದು. ಆದ್ದರಿಂದ “ಲೀಟರಿಗೆ ಎಷ್ಟು ಕಿಲೋಮೀಟರ್” ಎಂದು ಕೇಳಿ ನಿಲ್ಲದೆ, “ನಮ್ಮ ತಿಂಗಳ ಓಟಕ್ಕೆ ಎಷ್ಟು ಲೀಟರ್” ಎಂದು ಕೇಳಬೇಕು.

ತಿಂಗಳಿಗೆ ಎರಡು ಸಲ ಊರಿಗೆ ಬಂದು ಹೋಗುವವನ ಓಟ 1,200 ಕಿಲೋಮೀಟರ್, ಪುಣೆಯೊಳಗಿನ ಓಡಾಟ 300, ಒಟ್ಟು 1,500. ಲೆಕ್ಕಕ್ಕಾಗಿ ಪೆಟ್ರೋಲ್ ಲೀಟರಿಗೆ 105 ರೂಪಾಯಿ, ಡೀಸೆಲ್ 92 ಎಂದು ಹಿಡಿಯೋಣ. ಈ ದಾರಿಯಲ್ಲಿ 2 ಲೀಟರಿನ ಓಟದ ಸೆಡಾನ್ 11, ಒಂದೂವರೆ ಲೀಟರಿನ ಟರ್ಬೊ 15, ಹಳೆಯ 2 ಲೀಟರ್ ಡೀಸೆಲ್ 16 ಕೊಡುತ್ತದೆ ಎಂದು ಇಟ್ಟುಕೊಳ್ಳೋಣ. ಮೊದಲನೆಯದಕ್ಕೆ 136 ಲೀಟರ್, ಸುಮಾರು 14,300 ರೂಪಾಯಿ. ಎರಡನೆಯದಕ್ಕೆ 100 ಲೀಟರ್, 10,500. ಮೂರನೆಯದಕ್ಕೆ 94 ಲೀಟರಿನ ಹತ್ತಿರ, 8,600ರ ಮೇಲೆ ಸ್ವಲ್ಪ. ಮೊದಲ ಎರಡರ ನಡುವಿನ ಅಂತರ ವರ್ಷಕ್ಕೆ 45 ಸಾವಿರ ರೂಪಾಯಿ ದಾಟುತ್ತದೆ. 2 ಲೀಟರಿನ ಕಾರು ಒಂದೂವರೆ ಲಕ್ಷ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದವನ ಲಾಭ ಮೂರು ವರ್ಷ ಕಳೆದು ಕೆಲವು ತಿಂಗಳಲ್ಲಿ ಪಂಪಿನಲ್ಲಿ ಕರಗಿರುತ್ತದೆ.

ಅದೇ ಕಾರನ್ನು ತಿಂಗಳಿಗೆ 400 ಕಿಲೋಮೀಟರ್ ಮಾತ್ರ ಓಡಿಸುವವನ ಲೆಕ್ಕ ಬೇರೆ. ಅವನಿಗೆ ಅಂತರ ತಿಂಗಳಿಗೆ ಹತ್ತು ಲೀಟರಿಗೂ ಕಡಿಮೆ, ಸಾವಿರ ರೂಪಾಯಿಯ ಆಸುಪಾಸು. ಒಂದೂವರೆ ಲಕ್ಷದ ಅಗ್ಗತನ ಕರಗಲು ಹನ್ನೆರಡು ವರ್ಷ ಬೇಕು. ಅಷ್ಟರಲ್ಲಿ ಕಾರೇ ಮುದಿಯಾಗಿರುತ್ತದೆ. ಅಂಥವನು ಅವರೇಜಿಗಿಂತ ಟಾಯರು, ಕ್ಲಚ್ಚು, ಬಿಡಿಭಾಗಗಳ ಬೆಲೆಯನ್ನು ಮೊದಲು ವಿಚಾರಿಸಬೇಕು. ಒಬ್ಬನೇ ಬಂದು ಹೋಗುವವನಿಗೆ ಸೋಲಾಪುರದವರೆಗಿನ ರೈಲಿನ ಟಿಕೀಟು ಇವೆಲ್ಲಕ್ಕಿಂತ ಅಗ್ಗ ಎಂಬುದನ್ನು ಹಿರಿಯರು ನೆನಪಿಸಿದರೆ ಅದರಲ್ಲಿ ತಪ್ಪಿಲ್ಲ.

ಪೆಟ್ರೋಲಿನೊಳಗಿನ ಕಬ್ಬು

ಹಳೆಯ ಕಾರಿನ ಹಳೆಯ ಅಂಕಿಯನ್ನು ಇಂದಿನ ಪಂಪಿಗೆ ಹೊಂದಿಸುವಾಗ ಇನ್ನೊಂದು ಸಂಗತಿ ಅಡ್ಡ ಬರುತ್ತದೆ. ಸೋಲಾಪುರ ಜಿಲ್ಲೆ ಸಕ್ಕರೆ ಕಾರಖಾನೆಗಳ ಜಿಲ್ಲೆ. ಟ್ರ್ಯಾಕ್ಟರಿನ ಹಿಂದೆ ನಮ್ಮನ್ನು ನಿಧಾನಿಸಿದ ಆ ಕಬ್ಬಿನಿಂದ ಸಕ್ಕರೆಯಷ್ಟೇ ಅಲ್ಲ, ಎಥೆನಾಲೂ ಆಗುತ್ತದೆ. ಅದು ಪೆಟ್ರೋಲಿಗೆ ಸೇರುತ್ತದೆ. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಅದರ ಪಾಲು ನೂರಕ್ಕೆ 20ರಷ್ಟಾಗಿದೆ. ಒಂದು ಲೀಟರ್ ಎಥೆನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದರಷ್ಟು ಕಡಿಮೆ. ಐದನೆಯ ಒಂದು ಪಾಲಿನಲ್ಲಿ ಮೂರನೆಯ ಒಂದು ಕಡಿಮೆಯಾದರೆ ಒಟ್ಟಿನಲ್ಲಿ ಹದಿನೈದನೆಯ ಒಂದು, ಅಂದರೆ ನೂರಕ್ಕೆ ಆರು-ಏಳು. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ನಾಲ್ಕು ಗಾಲಿಯ ಗಾಡಿಗಳಿಗೆ ಇಷ್ಟೇ ಇಳಿಕೆಯನ್ನು ಅಂದಾಜಿಸಿತ್ತು. ಹಿಂದೆ 15 ಕೊಡುತ್ತಿದ್ದ ಕಾರು ಈಗ 14 ಕೊಟ್ಟರೆ ಎಂಜಿನ್ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಆದರೆ 2023ರ ಏಪ್ರಿಲಿಗಿಂತ ಮೊದಲು ತಯಾರಾದ ಕಾರು ಕೊಳ್ಳುವವರು ಅದು ಈ ಮಿಶ್ರಣಕ್ಕೆ ತಕ್ಕುದೇ ಎಂದು ಕಂಪನಿಯ ಕೈಪಿಡಿಯಲ್ಲಿ ನೋಡಬೇಕು. ಹಳೆಯ ರಬ್ಬರ್ ನಳಿಗೆ, ಸೀಲುಗಳಿಗೆ ಎಥೆನಾಲ್ ಒಗ್ಗದಿರಬಹುದು.

ಗಡಿಯವರಿಗೆ ಇನ್ನೊಂದು ಆಸೆಯುಂಟು: ಆಚೆ ರಾಜ್ಯದಲ್ಲಿ ಅಗ್ಗವಿದ್ದರೆ ಅಲ್ಲಿಯೇ ತುಂಬಿಸೋಣ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಮಹಾರಾಷ್ಟ್ರ, ಕರ್ನಾಟಕಗಳ ತೆರಿಗೆ ಬೇರೆ ಬೇರೆ, ಬೆಲೆಯೂ ಬೇರೆ. ಕೆಲಸಕ್ಕೆಂದು ಆ ಕಡೆ ಹೋದಾಗ ತುಂಬಿಸುವುದು ಸರಿಯೇ. ಆದರೆ ಲೀಟರಿಗೆ ಎರಡು ರೂಪಾಯಿ ಉಳಿಸಲೆಂದೇ ಹತ್ತು ಕಿಲೋಮೀಟರ್ ಹೋಗಿ ಬಂದರೆ, 40 ಲೀಟರಿಗೆ ಉಳಿಯುವುದು 80 ರೂಪಾಯಿ. ಇಪ್ಪತ್ತು ಕಿಲೋಮೀಟರಿಗೆ ಸುಡುವುದು 140 ರೂಪಾಯಿಯ ಪೆಟ್ರೋಲ್.

ಕೊಳ್ಳುವ ಮುನ್ನ

ಹಳೆಯ ಓಟದ ಕಾರಿನ ಹಿಂದಿನ ಒಡೆಯ ಅದನ್ನು ಓಟಕ್ಕಾಗಿಯೇ ಕೊಂಡಿರುತ್ತಾನೆ ಎಂಬುದು ನೆನಪಿರಲಿ. ಇಂಥ ಕಾರುಗಳಲ್ಲಿ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕವನ್ನು ಬದಲಿಸಿ ಬಲ ಹೆಚ್ಚಿಸಿದವು ಇರುತ್ತವೆ. “ಟ್ಯೂನ್ ಮಾಡಿಸಿದ್ದೀರಾ?” ಎಂದು ನೇರವಾಗಿ ಕೇಳಬೇಕು, ತಿಳಿದ ಮೆಕ್ಯಾನಿಕರಿಂದ ಪರೀಕ್ಷೆ ಮಾಡಿಸಬೇಕು. ಕಿಲೋಮೀಟರ್ ಮೀಟರಿನ ಅಂಕಿಯನ್ನು ಸರ್ವಿಸಿನ ಪುಸ್ತಕದ ದಿನಾಂಕಗಳೊಡನೆ ತಾಳೆ ನೋಡಬೇಕು. ಮೂಲ ಅಳತೆಗಿಂತ ಅಗಲದ ಟಾಯರು, ಕಡಿಮೆ ಗಾಳಿ, ಹಿಡಿದುಕೊಂಡ ಬ್ರೇಕು, ಮುಚ್ಚಿದ ಏರ್ ಫಿಲ್ಟರು, ಸವೆದ ಸ್ಪಾರ್ಕ್ ಪ್ಲಗ್ಗು – ಇವು ಒಂದೊಂದೂ ಅವರೇಜನ್ನು ಕದಿಯುತ್ತವೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ನಾಲ್ಕೂ ಗಾಲಿಗಳ ಹತ್ತಿರ ಕೈ ಒಯ್ದು ನೋಡಿರಿ, ಮುಟ್ಟಬೇಡಿರಿ. ಒಂದು ಮಾತ್ರ ಹೆಚ್ಚು ಕಾವಾಗಿದ್ದರೆ ಆ ಬ್ರೇಕು ಬಿಡುತ್ತಿಲ್ಲ.

ಮಾರುವವನು ಪರೀಕ್ಷೆಗೆಂದು ಮುನ್ನೂರು ಕಿಲೋಮೀಟರ್ ಓಡಿಸಲು ಬಿಡುವುದಿಲ್ಲ. ಆದರೆ ಇಪ್ಪತ್ತು ಕಿಲೋಮೀಟರಿಗೆ ಒಪ್ಪಬಹುದು. ಗಾಡಿಯ ಪರದೆಯಲ್ಲಿನ ಅವರೇಜನ್ನು ಸೊನ್ನೆಗೆ ತಂದು, ನೋಡಲು ಹೋದ ಕಾರುಗಳನ್ನೆಲ್ಲ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಒಬ್ಬರೇ ಓಡಿಸಬೇಕು. ಪರದೆಯ ಅಂಕಿ ತುಸು ಉದಾರವಾಗಿರುತ್ತದೆ. ಆದರೂ ಕಾರುಗಳ ನಡುವಿನ ತಾರತಮ್ಯ ತಿಳಿಯುತ್ತದೆ. ಕೊಂಡ ಮೇಲೆ ನಿಜವಾದ ಅಳತೆ ಮಾಡಿಕೊಳ್ಳಬಹುದು: ಪಂಪಿನಲ್ಲಿ ನಳಿಗೆ ತಾನಾಗಿ ನಿಲ್ಲುವವರೆಗೆ ತುಂಬಿಸಿ ಮೀಟರ್ ಬರೆದುಕೊಳ್ಳುವುದು, ಊರಿಗೆ ಬಂದು ಮರಳಿ ಹೋಗುವಷ್ಟು ಓಡಿಸಿ ಅದೇ ಪಂಪಿನಲ್ಲಿ ಮತ್ತೆ ಹಾಗೆಯೇ ತುಂಬಿಸುವುದು, ಓಡಿದ ಕಿಲೋಮೀಟರನ್ನು ತುಂಬಿಸಿದ ಲೀಟರಿನಿಂದ ಭಾಗಿಸುವುದು. ಮೂರು ಸಲದ ಸರಾಸರಿ ತೆಗೆದರೆ ಅದು ಆ ಮನೆಯ ಅಂಕಿ.

ಡೀಸೆಲ್ ನೋಡುವವರಿಗೆ ಒಂದೆರಡು ಮಾತು. ಸ್ಕೋಡಾ, ಫೋಕ್ಸ್‌ವ್ಯಾಗನ್ ಕಂಪನಿಗಳು 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದಾಗ ನಮ್ಮ ದೇಶದಲ್ಲಿ ಡೀಸೆಲ್ ಕಾರು ನಿಲ್ಲಿಸಿದವು. ಆದ್ದರಿಂದ ಸಿಗುವವೆಲ್ಲ ಅದಕ್ಕಿಂತ ಹಳೆಯವು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ದಿಲ್ಲಿಯಲ್ಲಿ ನಿರ್ಬಂಧ ಬಂದ ಮೇಲೆ ಅಲ್ಲಿಯ ಕಾರುಗಳು ಅಗ್ಗಕ್ಕೆ ದಕ್ಷಿಣಕ್ಕೆ ಇಳಿದವು. ಹೊರ ರಾಜ್ಯದ ಕಾರಿಗೆ, ಅದು ದಿಲ್ಲಿಯದಿರಲಿ, ಕಲಬುರಗಿಯ ಕೆಎ 32 ಇರಲಿ, ಅಲ್ಲಿಯ ಆರ್‌ಟಿಓ ನಿರಾಕ್ಷೇಪಣ ಪತ್ರ ಬೇಕು. ಇಲ್ಲಿ ಹೊಸ ನೋಂದಣಿ, ಹೊಸ ತೆರಿಗೆ ಬೇಕು. ಈ ಖರ್ಚನ್ನು ಸೇರಿಸದೆ ಬೆಲೆ ಹೋಲಿಸಬಾರದು. ಪುಣೆಯಿಂದ ಸೋಲಾಪುರಕ್ಕೆ ಬರುವ ಕಾರಿಗೆ ಈ ತೊಡಕಿಲ್ಲ. ಹೆಸರು ವರ್ಗಾಯಿಸಿಕೊಂಡರೆ ಸಾಕು.

ಓಟದ ಕಾರಿನ ಆಸೆ ಕೆಟ್ಟದ್ದೆಂದು ಈ ಮಾತುಗಳ ಅರ್ಥವಲ್ಲ. ದುಡಿದು ಗಳಿಸಿದ ತರುಣ ಒಳ್ಳೆಯ ಯಂತ್ರವೊಂದನ್ನು ಮೆಚ್ಚಿ ಕೊಳ್ಳುವುದರಲ್ಲಿ ಸಂತೋಷವಿದೆ. ಗಟ್ಟಿಯಾದ ದೇಹ, ಒಳ್ಳೆಯ ಬ್ರೇಕು ಇರುವ ಕಾರಿನಲ್ಲಿ ಮನೆಯವರು ಕುಳಿತರೆ ಸಮಾಧಾನವೂ ಇದೆ. ಆದರೆ ಕೊಳ್ಳುವ ಮೊದಲು ಮನೆಯವರೆಲ್ಲ ಒಂದೆಡೆ ಕುಳಿತು ಮೂರು ಸಾಲು ಬರೆಯಲಿ: ತಿಂಗಳಿಗೆ ನಮ್ಮ ಓಟ ಎಷ್ಟು, ಅದರಲ್ಲಿ ಹಳ್ಳಿಯ ರಸ್ತೆ ಎಷ್ಟು, ಹೆದ್ದಾರಿ ಎಷ್ಟು, ಅದಕ್ಕೆ ಬೇಕಾದ ಲೀಟರ್ ಎಷ್ಟು, ಆ ಹಣ ಬೇರೆ ಯಾವ ಖರ್ಚಿನಿಂದ ಬರಬೇಕು. ಭಾಗಾಕಾರವನ್ನು ಶಾಲೆಗೆ ಹೋಗುವ ಮಗುವಿನ ಕೈಯಿಂದಲೇ ಮಾಡಿಸಿರಿ.